ಪಿಸುಮಾತಿನ ಎಂಟು

"ಎಂಟಂತೆ, ಎಂಟು! ಮೊನ್ನೆ ಏಳು, ನಿನ್ನೆ ಎಂಟು... ಇವಳ ಸೊಂಟ ಏನು ಪರೀಕ್ಷೆ ಬರೀತಿದೆಯೇನೋ, ದಿನದಿನಕ್ಕೂ ಅಂಕ ಜಾಸ್ತಿ ತಗೊಳ್ಳೋಕೆ?"

ಅತ್ತೆ ಒಂದು ಕೈಯಲ್ಲಿ ಸೊಸೆಯ ಫೋನು, ಇನ್ನೊಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಫೋನಿನ ತುಂಬ ಕೆಂಪು ಬಣ್ಣ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 'ಇಂದು ಬಗ್ಗಬೇಡಿ, ಭಾರ ಎತ್ತಬೇಡಿ' ಎಂದು ಬರೆದಿತ್ತು. ಬೆಳಗಿನ ಆರೂವರೆಗೆ, ಬಕೆಟ್ಟಿನಲ್ಲಿ ನೀರು ತುಂಬಿ ಕಾದಿರುವಾಗ, ಆ ಮನೆಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇರೆ ಇರಲಿಲ್ಲ.

"ಕೊಡಿ ಅತ್ತೆ, ನಾನೇ ಒರೆಸ್ತೀನಿ," ಸೊಸೆ ಗೋಡೆ ಹಿಡಿದುಕೊಂಡು ಬಂದಳು.

"ಬೇಡ ತಾಯಿ, ಬೇಡ! ನೀನು ಬಗ್ಗಿದ್ರೆ ನಾಳೆ ಒಂಬತ್ತಾಗತ್ತೆ, ನಾಡಿದ್ದು ನನ್ನನ್ನ ಜೈಲಿಗೆ ಹಾಕ್ತಾರೆ. ನಾನೇ ಸಾಯ್ತೀನಿ ಬಿಡು. ಅರವತ್ತೇಳು ವರ್ಷದ ಮುದುಕಿ ನೆಲ ಒರೆಸಲಿ, ಮಹಾರಾಣಿಯವರು ಗೋಡೆ ಹಿಡ್ಕೊಂಡು ನಿಂತು ನೋಡಲಿ!"

"ಅಮ್ಮಾ, ಸಾಕು ಮಾಡ್ತೀಯಾ?" ಒಳಗಿನಿಂದ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಅವನು ಬಸ್ ಡ್ರೈವರ್. ದಿನವಿಡೀ ಎದುರಿನ ಗಾಡಿಗಳ ಹಾರ್ನ್ ಸದ್ದನ್ನು ಸಹಿಸಿಕೊಳ್ಳುವ ಅವನಿಗೆ ಮನೆಯ ಎರಡು ಹೆಣ್ಣುದನಿಗಳನ್ನು ಸಹಿಸಲು ಆಗುತ್ತಿರಲಿಲ್ಲ. "ಲೇ, ನೀನಾದ್ರೂ ಒಂದು ದಿನ ಸ್ವಲ್ಪ ಕಡಿಮೆ ಹೇಳಬಾರ್ದಾ? ಆ ನಂಬರ್ ನೋಡಿ ತಾನೇ ಅಮ್ಮ ಕುಣಿಯೋದು?"

"ನೋವಿದ್ದಷ್ಟೇ ಹೇಳ್ತೀನ್ರೀ..."

"ಹೇಳ್ಕೊಂಡಿರು! ಇಬ್ರೂ ಬಡಿದಾಡ್ಕೊಂಡಿರಿ. ನಾನು ಡಿಪೋದಲ್ಲೇ ಬಿದ್ಕೋತೀನಿ. ಅಲ್ಲಿ ಬಸ್ಸುಗಳಿಗೆ ಬಾಯಿಲ್ಲ!"

ಬಾಗಿಲು ಬಡಿಯಿತು. ಹತ್ತು ವರ್ಷದ ಮಗಳು ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ಅಪ್ಪ ಇಳಿದುಹೋದ ಮೆಟ್ಟಿಲನ್ನೇ ನೋಡುತ್ತ ನಿಂತಳು. ಅವನು ಮೂರು ದಿನ ಮನೆಗೆ ಬರಲಿಲ್ಲ. ಆ ಮೂರು ದಿನವೂ ಆ ಹುಡುಗಿ ಸಂಜೆಯಾದರೆ ಕಿಟಕಿ ಬಿಟ್ಟು ಕದಲಲಿಲ್ಲ.

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಆ ನಂಬರಿನ ವಿಷಯ ಹೇಳಿಬಿಡಬೇಕು. ಸೊಸೆ ಕೆಲಸ ಮಾಡುತ್ತಿದ್ದುದು ಒಂದು ದೊಡ್ಡ ಲಾಂಡ್ರಿಯಲ್ಲಿ. ಊರಿನ ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಗೆತ ಮುಗಿದ ಮೇಲೆ ಆಳೆತ್ತರದ ಯಂತ್ರದೊಳಗೆ ಅರ್ಧ ಮೈ ತೂರಿಸಿ, ಒಂದಕ್ಕೊಂದು ಹೆಣೆದುಕೊಂಡ ಒದ್ದೆ ಚಾದರಗಳನ್ನು ಎಳೆದು, ಗಾಡಿಗೆ ತುಂಬಿ, ಒಣಗಿಸುವ ಯಂತ್ರಕ್ಕೆ ಎತ್ತಿ ಹಾಕುವುದು ಅವಳ ಕೆಲಸ. ಹನ್ನೊಂದು ವರ್ಷ ಎಳೆದಳು, ಎತ್ತಿದಳು. ಹನ್ನೆರಡನೆಯ ವರ್ಷ ಒಂದು ದಿನ ಬಗ್ಗಿದವಳು ನೆಟ್ಟಗಾಗಲಾರದೆ ಗಾಡಿಯ ಅಂಚು ಹಿಡಿದು ನಿಂತುಬಿಟ್ಟಳು. ಲಾಂಡ್ರಿಯ ಡಾಕ್ಟರು ಬೆನ್ನಿನ ಸ್ಕ್ಯಾನ್ ಮಾಡಿಸಿ, ಅವಳ ಫೋನಿಗೆ ಒಂದು ಆ್ಯಪ್ ಹಾಕಿಸಿಕೊಟ್ಟರು. ದಿನಾ ವ್ಯಾಯಾಮ ಮಾಡಬೇಕು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಒತ್ತಬೇಕು. ತಿಂಗಳಿಗೊಮ್ಮೆ ಫಿಸಿಯೊಥೆರಪಿ ಮೇಡಂ ವಿಡಿಯೊದಲ್ಲಿ ಮಾತಾಡುತ್ತಾರೆ. ನೋವು ಇಳಿಯುವ ತನಕ ಯಂತ್ರದ ಕೆಲಸ ಇಲ್ಲ, ಮೇಜಿನ ಮುಂದೆ ನಿಂತು ದಿಂಬಿನ ಚೀಲ ಮಡಿಸಿದರೆ ಸಾಕು.

ಆ್ಯಪ್ ಒಳ್ಳೆಯದೇ, ಅದನ್ನು ಬಯ್ಯುವ ಮನಸ್ಸು ನನಗಿಲ್ಲ. ಅದರೊಳಗೆ ವ್ಯಾಯಾಮ ತೋರಿಸುವ ಹುಡುಗಿಗೆ ಬೆವರೇ ಬರುತ್ತಿರಲಿಲ್ಲ ಎಂಬುದು ಬಿಟ್ಟರೆ, ಎಂಟು ಗಂಟೆ ನಿಂತೇ ದುಡಿಯುವವಳಿಗೆ ಗಂಟೆಗೊಮ್ಮೆ 'ಎದ್ದು ನಿಲ್ಲಿ' ಎಂದು ಉಪದೇಶ ಮಾಡುತ್ತಿತ್ತು ಎಂಬುದು ಬಿಟ್ಟರೆ, ಅದು ಹೇಳಿದ್ದೆಲ್ಲ ಸರಿಯೇ ಇತ್ತು. ಮೊದಲ ತಿಂಗಳು ನಿಜವಾಗಿಯೂ ಅವಳಿಗೆ ಸ್ವಲ್ಪ ಹಗುರಾಯಿತು. ಬೆನ್ನಿಗೂ ಹಗುರ, ಮನಸ್ಸಿಗೂ ಹಗುರ. ಹುಟ್ಟಿದ ಮೇಲೆ ಮೊದಲ ಸಲ ದಿನಕ್ಕೊಮ್ಮೆ ಯಾರೋ ಅವಳನ್ನು 'ನಿಮಗೆ ಎಷ್ಟು ನೋವಿದೆ?' ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ಫೋನೇ ಆಗಿರಲಿ, ಏನಂತೆ?

ಆದರೆ ಅತ್ತೆ ಅದೇ ಲಾಂಡ್ರಿಯಲ್ಲಿ, ಅದೇ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಅವರ ಹಳೆಯ ಗೆಳತಿಯರು ಇನ್ನೂ ಅಲ್ಲಿದ್ದರು. "ನಿಮ್ಮ ಸೊಸೆ ಬಿಡಿ, ಮೇಜಿನ ಹತ್ರ ಫ್ಯಾನ್ ಕೆಳಗೆ ನಿಂತಿರ್ತಾಳೆ," ಎಂದು ಅವರಲ್ಲೊಬ್ಬಳು ಅಂದಾಗ ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. ಅಂದಿನಿಂದ ಬೆಳಗಾದರೆ ಮೊದಲು ಸೊಸೆಯ ಫೋನು ತೆಗೆದು ಹಿಂದಿನ ದಿನದ ನಂಬರ್ ನೋಡುವುದು ಅವರ ನಿತ್ಯದ ಕೆಲಸವಾಯಿತು. ನಂಬರ್ ದೊಡ್ಡದಿದ್ದರೆ ಕೆಂಪು. ಕೆಂಪು ಬಂದರೆ ನೆಲ ಒರೆಸುವ ಬಟ್ಟೆ ಅತ್ತೆಯ ಕೈಗೆ. ಆಮೇಲೆ ಬಯ್ಗುಳ, ಅಳು, ಬಡಿಯುವ ಬಾಗಿಲು, ಡಿಪೋ.

ಸಂಜೆ ಹೊತ್ತು ಅಮ್ಮ ನೆಲದ ಮೇಲೆ ಚಾಪೆ ಹಾಸಿ, ಕಾಲು ಎರಡನ್ನೂ ಸ್ಟೂಲಿನ ಮೇಲಿಟ್ಟು ಮಲಗಿದಾಗ ಫೋನು ಮಗಳ ಕೈಯಲ್ಲಿರುತ್ತಿತ್ತು. ಬೆನ್ನು ಕೆಳಗಿಟ್ಟು ಫೋನು ಮೇಲೆತ್ತಿ ಹಿಡಿದರೆ ಅಮ್ಮನಿಗೆ ಭುಜ ಸೆಳೆಯುತ್ತಿತ್ತು. ಅದಕ್ಕೇ ಮಗಳು ಪಕ್ಕದಲ್ಲಿ ಕೂತು, ಕನ್ನಡಕವಿಲ್ಲದಿದ್ದರೂ ಕನ್ನಡಕ ಸರಿಮಾಡಿಕೊಂಡವಳ ಹಾಗೆ ನಟಿಸಿ, ಪ್ರಶ್ನೆಗಳನ್ನು ಓದುತ್ತಿದ್ದಳು. ಅಮ್ಮ ಅವಳಿಗೆ 'ಟೀಚರಮ್ಮ' ಎಂದೇ ಹೆಸರಿಟ್ಟಿದ್ದಳು.

"ಇಂದು ನಿಮ್ಮ ನೋವು ಎಷ್ಟು? ಬೇಗ ಹೇಳಿ, ಹಿಂದಿನ ಬೆಂಚಿನವರು ಮಾತಾಡ್ಬಾರ್ದು."

"ಎಂಟು, ಟೀಚರಮ್ಮ," ಅಮ್ಮ ಪಿಸುಗುಟ್ಟುತ್ತಿದ್ದಳು. ಪಿಸುಮಾತು ಏಕೆಂದರೆ ಆ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಇದ್ದುದು ತೆಳ್ಳನೆಯ ಪ್ಲೈವುಡ್ ಮಾತ್ರ. ಬೆಳಿಗ್ಗೆ ನಂಬರ್ ನೋಡುವುದು ಹೇಗೂ ತಪ್ಪದು, ಸಂಜೆಯಾದರೂ ನೆಮ್ಮದಿಯಾಗಿರಲಿ ಎಂದು ಅವಳ ಆಸೆ.

ಅಪ್ಪ ಮೂರು ದಿನದ ಮೇಲೆ ಮನೆಗೆ ಬಂದನಲ್ಲ, ಆ ಸಂಜೆಯೂ ಅಮ್ಮ "ಎಂಟು" ಎಂದಳು. ಮಗಳ ಬೆರಳು ಎಂಟರ ಮೇಲೆ ಹೋಯಿತು. ಪಡಸಾಲೆಯಲ್ಲಿ ಅಪ್ಪ ಊಟ ಮುಗಿಸಿ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಮಗಳು ಒಂದು ಕ್ಷಣ ಆ ಸಿಳ್ಳೆ ಕೇಳಿದಳು. ಬೆರಳು ಸರಿಯಿತು... ಮೂರನ್ನು ಒತ್ತಿತು.

ಅಯ್ಯೋ, ಎಷ್ಟು ಸುಲಭವಾಗಿತ್ತು! ಮರುದಿನ ಬೆಳಿಗ್ಗೆ ಫೋನು ಹಸಿರಾಗಿತ್ತು. ಅಜ್ಜಿ "ಹೂಂ" ಎಂದು ಸುಮ್ಮನಾದರು. ಅಮ್ಮ ಬಕೆಟ್ ಎತ್ತಿಕೊಂಡು ನೆಲ ಒರೆಸಿದಳು. ಅಪ್ಪ ಹೋಗುವಾಗ ಮಗಳ ಕೆನ್ನೆ ಹಿಂಡಿ ಹೋದ, ಸಂಜೆ ವಾಪಸ್ ಬಂದ. ಅದರ ಮರುದಿನವೂ ಮೂರು. ಅದರಾಚೆಗೆ ಎರಡು. ಹತ್ತು ವರ್ಷದ ಹುಡುಗಿ ಒಂದು ಬೆರಳಿನಿಂದ ಮನೆಯನ್ನು ಹಿಡಿದು ನಿಲ್ಲಿಸಿದ್ದಳು. ಅದರ ಭಾರ ಯಾರ ಬೆನ್ನಿನ ಮೇಲೆ ಬಿತ್ತು ಎಂದು ಅರಿಯುವ ವಯಸ್ಸೇ ಅದು?

ಅಮ್ಮ ಏಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ತನ್ನ ನೋವು ತನಗೆ ಗೊತ್ತಿರುವಾಗ ಅದರ ನಂಬರನ್ನು ಮತ್ತೆ ಮತ್ತೆ ನೋಡುವವರು ಯಾರು? ಬೆಳಿಗ್ಗೆ ಬಯ್ಗುಳ ನಿಂತಾಗ, ಬಯ್ದು ಬಯ್ದು ಅತ್ತೆಗೇ ಬೇಸರ ಬಂದಿರಬೇಕು ಎಂದುಕೊಂಡು ಅವಳು ಬಕೆಟ್ ಎತ್ತಿಕೊಂಡಳು, ಅಷ್ಟೇ.

ತಿಂಗಳಾಯಿತು. ಮೇಡಂ ವಿಡಿಯೊದಲ್ಲಿ ಬಂದರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಇತ್ತ ಅತ್ತೆ ಕುರ್ಚಿಯಲ್ಲಿ, ಗಂಡ ಹಿಂದೆ ನಿಂತು, ಮಧ್ಯೆ ಅವಳು.

"ಬಹಳ ಸಂತೋಷ ಕಣಮ್ಮಾ! ಎಂಟರಲ್ಲಿದ್ದ ನೋವು ಮೂರಕ್ಕೆ ಇಳಿದಿದೆ. ಮೂರು ವಾರದಿಂದ ಹಾಗೇ ಇದೆ. ಎಲ್ಲರೂ ನಿಮ್ಮ ಹಾಗೆ ಶ್ರದ್ಧೆಯಿಂದ ವ್ಯಾಯಾಮ ಮಾಡಿದ್ರೆ ನಮಗೆ ಕೆಲಸವೇ ಇರಲ್ಲ ನೋಡಿ!"

"ಮೂರು... ಅಂತ ಬಂದಿದೆಯಾ ಮೇಡಂ?"

"ಹೌದಮ್ಮಾ, ಇಲ್ಲೇ ಕಾಣ್ತಿದೆ. ಸೋಮವಾರದಿಂದ ನಿಮ್ಮ ಹಳೇ ಕೆಲಸಕ್ಕೆ ಹೋಗಬಹುದು ಅಂತ ಬರೀತೀನಿ. ಆಗಬಹುದಲ್ವಾ?"

ಅವಳ ಬಾಯಿ ತೆರೆಯಿತು. ಆದರೆ ಹಿಂದಿನಿಂದ ಗಂಡನ ಕೈ ಅವಳ ಹೆಗಲ ಮೇಲೆ ಬಂತು. ಎಷ್ಟು ತಿಂಗಳಾಗಿತ್ತು ಆ ಕೈ ಹಾಗೆ ಬಂದು! "ಆಗತ್ತೆ ಮೇಡಂ, ಖಂಡಿತ ಆಗತ್ತೆ," ಎಂದು ಅವನು ನಗುತ್ತ ಹೇಳಿದ. ಅತ್ತೆಯ ಮುಖದಲ್ಲಿ 'ನಾನು ಆವತ್ತೇ ಹೇಳ್ಲಿಲ್ವಾ' ಎಂಬ ಗೆಲುವು. ಮೂಲೆಯಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು.

ಆಗ ಆ ಹುಚ್ಚಿ ಏನು ಯೋಚಿಸಿದಳು ಗೊತ್ತೇ? ಈ ಫೋನು ಹೆಜ್ಜೆ ಎಣಿಸುತ್ತದೆ, ನಿದ್ದೆ ಎಣಿಸುತ್ತದೆ. ನಾನು ಎಂಟು ಎಂದದ್ದನ್ನೂ ಅದು ತೂಗಿ ನೋಡಿರಬೇಕು. ಸಾವಿರಾರು ಜನರ ಬೆನ್ನು ನೋಡಿದ ಯಂತ್ರ ಅದು. ಬೇರೆಯವರು ಇಷ್ಟು ನೋವಿಗೆ ಮೂರು ಅನ್ನುತ್ತಾರೇನೋ. ನನ್ನ ಎಂಟು, ಲೋಕದ ಮೂರೇ ಇರಬೇಕು. ಅತ್ತೆ ಹೇಳುವುದೇ ಸರಿ... ನಾನೇ ಅತಿ ಮಾಡುತ್ತಿದ್ದೆ! ಹೀಗೆ ಯೋಚಿಸಿ ನಾಚಿಕೊಂಡಳು. ತನ್ನ ನೋವಿಗೆ ತಾನೇ ನಾಚಿಕೊಂಡು, ಸೋಮವಾರ ಯಂತ್ರದ ಬಾಯಿಗೆ ಮತ್ತೆ ಮೈ ತೂರಿಸಿದಳು.

ಎರಡು ವಾರ ಕಳೆಯುವಷ್ಟರಲ್ಲಿ ಎಡಗಾಲಿಗೆ ಜೋಮು ಹಿಡಿಯತೊಡಗಿತು. ವಾರಕ್ಕೊಮ್ಮೆ ಆ್ಯಪ್ ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದಿತ್ತು.

"ಕಾಲಿನಲ್ಲಿ ಮರಗಟ್ಟಿದ ಅನುಭವ ಇದೆಯೇ? ಹೌದು, ಇಲ್ಲ," ಟೀಚರಮ್ಮ ಓದಿದಳು. ಈಚೆಗೆ ಅವಳು ಹಿಂದಿನ ಬೆಂಚಿನವರನ್ನು ಗದರಿಸುವುದನ್ನು ಬಿಟ್ಟಿದ್ದಳು.

"ಹೌದು ಅಂತ ಒತ್ತು. ಪಾದದ ಮೇಲೆ ಯಾರೋ ಹತ್ತಿ ಸುತ್ತಿದ ಹಾಗಿದೆ."

ಮಗಳು 'ಹೌದು' ಒತ್ತಿದಳು. ಫೋನು ರಪ್ಪನೆ ಕೆಂಪಾಯಿತು. 'ಕೂಡಲೇ ವೈದ್ಯರನ್ನು ಕಾಣಿ. ಕೆಲಸ ನಿಲ್ಲಿಸಿ.' ಎಷ್ಟೊಂದು ಕೆಂಪು! ಅಷ್ಟು ಕೆಂಪನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅಜ್ಜಿಯ ದನಿ, ಬಡಿಯುವ ಬಾಗಿಲು, ಖಾಲಿ ಮೆಟ್ಟಿಲು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು. ಹಿಂದಕ್ಕೆ ಹೋಗಿ 'ಇಲ್ಲ' ಒತ್ತಿದಳು.

"ಏನಂತು ಟೀಚರಮ್ಮ?"

"ಏನಿಲ್ಲಮ್ಮ. ವ್ಯಾಯಾಮ ಮುಂದುವರಿಸಿ ಅಂತು."

"ಹಾಗಾದ್ರೆ ಭಯ ಇಲ್ಲ ಬಿಡು," ಎಂದು ಅಮ್ಮ ಕಣ್ಣು ಮುಚ್ಚಿದಳು.

ಅದಾದ ಹನ್ನೊಂದನೆಯ ದಿನ ಮಧ್ಯಾಹ್ನ ಒದ್ದೆ ಚಾದರದ ಗಾಡಿ ತಳ್ಳುತ್ತಿದ್ದಾಗ ಎಡ ಪಾದ ಏಳಲಿಲ್ಲ. ಚಪ್ಪಲಿಯ ತುದಿ ನೆಲಕ್ಕೆ ಸಿಕ್ಕಿ ಮುಗ್ಗರಿಸಿ ಬಿದ್ದಳು. ಎಬ್ಬಿಸಲು ಬಂದವರಿಗೆ "ನನ್ನ ಕಾಲೆಲ್ಲಿ? ಕಾಲೆಲ್ಲಿ?" ಎಂದು ಕೇಳಿದಳಂತೆ. ಕಾಲು ಅಲ್ಲೇ ಇತ್ತು. ಅವಳ ಮಾತು ಕೇಳುವುದನ್ನು ಮಾತ್ರ ಬಿಟ್ಟಿತ್ತು.

ಆಪರೇಷನ್ ಆಯಿತು. ಐದನೆಯ ದಿನ ದೊಡ್ಡ ಡಾಕ್ಟರು ಎಲ್ಲರನ್ನೂ ಹಾಸಿಗೆಯ ಹತ್ತಿರ ಕರೆದರು. ವಿಡಿಯೊದ ಮೇಡಂ ಕೂಡ ಓಡಿಬಂದಿದ್ದರು. ಪಾಪ, ಅವರ ಮುಖದಲ್ಲಿ ರಕ್ತವಿರಲಿಲ್ಲ.

"ನರ ಬಹಳ ದಿನದಿಂದ ಒತ್ತಿಹೋಗಿತ್ತು," ಡಾಕ್ಟರು ಹೇಳಿದರು. "ಬೆನ್ನು ನೋವು ಕಡಿಮೆ ಆಗಬಹುದು. ಆದರೆ ಪಾದ ಮೊದಲಿನ ಹಾಗೆ ಮೇಲೆ ಏಳೋದು ಕಷ್ಟ. ಎರಡು ವಾರ ಮೊದಲು ಬಂದಿದ್ರೆ..."

"ಯಾಕಮ್ಮಾ ಹೀಗೆ ಮಾಡಿದ್ರಿ?" ಮೇಡಂ ಕೇಳಿದರು. "ದಿನಾ ಮೂರು, ಎರಡು ಅಂತಲೇ ಒತ್ತಿದೀರಿ. ಕಾಲು ಮರಗಟ್ಟಿಲ್ಲ ಅಂತ ಒತ್ತಿದೀರಿ. ನೀವು ಒತ್ತಿದ್ದೇ ತಾನೇ ನಮಗೆ ಕಾಣೋದು?"

ನೀವು ಒತ್ತಿದ್ದೇ ತಾನೇ ಕಾಣೋದು! ಹಾಗಾದರೆ ಫೋನು ಏನನ್ನೂ ತೂಗಿರಲಿಲ್ಲ. ಅವಳ ಎಂಟು ಎಂಟೇ ಆಗಿತ್ತು... ಅವಳು ತಲೆ ಹೊರಳಿಸಿದಳು. ಮಂಚದ ಕಾಲಿನ ಹತ್ತಿರ ಮಗಳು ನಿಂತಿದ್ದಳು. ತುಟಿ ಬಿಳಿಚಿಕೊಂಡು, ಬಲಗೈ ಬೆರಳನ್ನು ಎಡಗೈಯಲ್ಲಿ ಮುಚ್ಚಿ ಹಿಡಿದಿದ್ದಳು. ತಾಯಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ತಾಯಿ ಎಷ್ಟು ಹೊತ್ತು ಯೋಚಿಸಿದಳು ಎನ್ನುತ್ತೀರಿ? ಒಂದು ಉಸಿರು ಎಳೆದುಕೊಳ್ಳುವಷ್ಟೂ ಇಲ್ಲ.

"ನಾನೇ ಮೇಡಂ... ನಾನೇ ಮೂರು ಅಂತ ಹೇಳ್ತಿದ್ದೆ. ಮಗು ನಾನು ಹೇಳಿದ್ದನ್ನ ಒತ್ತಿದ್ದು ಅಷ್ಟೇ. ಮೇಜಿನ ಕೆಲಸ ಬೇಜಾರು ಬಂದಿತ್ತು."

"ಬೇಜಾರು ಬಂದಿತ್ತಾ?" ಗಂಡ ಕಿರುಚಿದ. "ಬೇಜಾರಿಗೆ ಕಾಲು ಕಳ್ಕೊಂಡ್ಯಾ? ಡಾಕ್ಟರಿಗೆ ಸುಳ್ಳು ಹೇಳಿದ್ಯಾ? ನನಗೆ, ಈ ಮಗುವಿಗೆ ಏನು ಗತಿ ಅಂತ ಒಂದು ಸಲನಾದ್ರೂ ಯೋಚನೆ ಮಾಡಿದ್ಯೇನೇ ಪಾಪಿ!"

"ತಪ್ಪಾಯ್ತು ರೀ..." ಎಂದು ಅವಳು ಕೈ ಮುಗಿದಳು. ಮಗಳು ಏನೋ ಹೇಳಲು ಬಾಯಿ ತೆರೆದಾಗ ತಾಯಿಯ ಕಣ್ಣು ಅವಳನ್ನು ತಡೆಯಿತು. ಬಯ್ಯಲು ಅಷ್ಟು ಒಳ್ಳೆಯ ಅವಕಾಶ ಸಿಕ್ಕಿದರೂ ಅತ್ತೆ ಮಾತ್ರ ಕಿಟಕಿಯ ಕಡೆಗೆ ತಿರುಗಿಕೊಂಡರು.

ಮನೆಗೆ ಬಂದ ಮೇಲೆ ಗಂಡ ಡಿಪೋಗೆ ಹೋಗಿ ಮಲಗಲಿಲ್ಲ. ಹೋಗಿದ್ದರೇ ಚೆನ್ನಾಗಿತ್ತೇನೋ. ಅವಳ ಔಷಧಿ ತರುತ್ತಿದ್ದ, ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದ, ಆದರೆ ಮುಖ ನೋಡುತ್ತಿರಲಿಲ್ಲ. ಮಾತಾಡಿದರೆ ಚುಚ್ಚುವುದಕ್ಕೇ. "ನೋವಿದೆ ಅಂದ್ರೆ ಇನ್ಮೇಲೆ ಹೇಗೆ ನಂಬೋದು?" ಎಂದು ಒಮ್ಮೆ ಕೇಳಿದ. ಅವಳು ಸಹಿಸಿಕೊಂಡಳು. ಮಗಳ ತಲೆಯ ಮೇಲೆ ಬೀಳಬೇಕಾದ ಕಲ್ಲು ತನ್ನ ಮೇಲೆ ಬೀಳುತ್ತಿದೆಯಲ್ಲ, ಬೀಳಲಿ. ಆದರೆ ಮಗಳು ದಿನದಿನಕ್ಕೆ ಕರಗಿಹೋಗುತ್ತಿದ್ದಳು. ತಟ್ಟೆಯಲ್ಲಿ ಊಟ ಹಾಗೇ ಉಳಿಯುತ್ತಿತ್ತು. ಅಮ್ಮನ ಫೋನು ಸದ್ದು ಮಾಡಿದರೆ ಕೋಣೆ ಬಿಟ್ಟು ಓಡುತ್ತಿದ್ದಳು.

ಒಂದು ಭಾನುವಾರ ಲಾಂಡ್ರಿಯ ಮೇಲ್ವಿಚಾರಕಿ ನೋಡಲು ಬಂದಳು. "ಎಂಥ ಕೆಲಸಗಾರ್ತಿ, ಹೀಗಾಗ್ಬಾರ್ದಿತ್ತು," ಎಂದು ಅವಳು ಮರುಗಿದಾಗ ಗಂಡ ತಡೆಯದೆ, "ಅಯ್ಯೋ ಬಿಡಿ, ಯಾರೇನು ಮಾಡಕ್ಕಾಗತ್ತೆ? ಇವಳ ಕಾಲನ್ನ ಇವಳ ಸುಳ್ಳೇ ತಿಂತು," ಅಂದುಬಿಟ್ಟ.

"ಅಮ್ಮ ಸುಳ್ಳು ಹೇಳ್ಲಿಲ್ಲ!"

ಬಾಗಿಲಲ್ಲಿ ಮಗಳು.

"ಸುಮ್ನಿರು ಟೀಚರಮ್ಮ... ಒಳಗೆ ಹೋಗು!" ತಾಯಿ ಚೀರಿದಳು.

"ಅಮ್ಮ ದಿನಾ ಎಂಟು ಅಂತಲೇ ಹೇಳ್ತಿದ್ಲು. ಒಂದ್ಸಲ ಒಂಬತ್ತು ಅಂದ್ಲು. ಕಾಲು ಜೋಮು ಅಂತಾನೂ ಹೇಳಿದ್ಲು. ನಾನೇ... ನಾನೇ ಮೂರು ಒತ್ತಿದ್ದು ಅಪ್ಪಾ!"

ಮೇಲ್ವಿಚಾರಕಿ ಯಾವಾಗ ಎದ್ದು ಹೋದಳೋ ಯಾರಿಗೂ ತಿಳಿಯಲಿಲ್ಲ. ಅಪ್ಪ ಮಗಳ ಮುಂದೆ ಬಂದು ನಿಂತ.

"ಯಾಕೆ... ಯಾಕಮ್ಮಾ ಹಾಗೆ ಮಾಡ್ದೆ?"

"ಮೂರಿದ್ರೆ ನೀನು ಮನೇಲೇ ಇರ್ತೀಯಲ್ಲಪ್ಪಾ..."

ಅವನು ನಿಂತಲ್ಲೇ ಕುಸಿದು ಕೂತ. ಎರಡು ಕೈಯಿಂದ ಮುಖ ಮುಚ್ಚಿಕೊಂಡು, ಮಗಳ ಮುಂದೆ, ಹೆಂಡತಿಯ ಮುಂದೆ, ಬಿಕ್ಕಿಬಿಕ್ಕಿ ಅತ್ತ. ಹೆಂಡತಿಗೆ ತಾನು ಅಂದ ಒಂದೊಂದು ಮಾತೂ ತಿರುಗಿ ಬಂದು ಅವನಿಗೇ ಬಡಿಯುತ್ತಿತ್ತು.

"ಮಗೂನ ಏನೂ ಅನ್ಬೇಡ್ವೋ," ಎಂದು ಅತ್ತೆಯ ದನಿ ಕೇಳಿಸಿತು. ಅವರು ಪ್ಲೈವುಡ್ ಗೋಡೆಗೆ ಒರಗಿ ನಿಂತಿದ್ದರು. "ನಂಗೆ ಈ ಗೋಡೆ ಆಚೆಯಿಂದ ದಿನಾ ಸಂಜೆ ಎಂಟು ಅಂತ ಕೇಳಿಸ್ತಿತ್ತು. ಬೆಳಿಗ್ಗೆ ಫೋನಲ್ಲಿ ಮೂರು ಅಂತ ಕಾಣಿಸ್ತಿತ್ತು. ಮಗು ಒತ್ತಿದ್ದು ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು. ಸದ್ಯ, ನೆಲ ಒರೆಸೋದು ತಪ್ತಲ್ಲ ಅಂದ್ಕೊಂಡು ಸುಮ್ನಿದ್ದೆ... ಹತ್ತು ವರ್ಷದ್ದಕ್ಕೆ ಬುದ್ಧಿ ಇರ್ಲಿಲ್ಲ ಅಂದ್ರೆ ಸರಿ. ಅರವತ್ತೇಳರದ್ದಕ್ಕೆ?"

ಸೊಸೆ ಕೈ ಚಾಚಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಪುಟ್ಟ ತಲೆ ತನ್ನ ಎದೆಗೆ ಒತ್ತಿಕೊಂಡು ಅತ್ತಷ್ಟೂ ಅಳಲು ಬಿಟ್ಟಳು. "ಈಗ ಹೇಳಿದ್ಯಲ್ಲ... ಈಗ ಮುಗೀತು," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಮುಗಿದಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಕೆಲವು ಅಳು ಮನುಷ್ಯನ ಜೊತೆಗೇ ದೊಡ್ಡವಾಗುತ್ತವೆ.

ಪಾದ ಏಳಲಿಲ್ಲ. ತಿಂಗಳಾದರೂ ಏಳಲಿಲ್ಲ. ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಮಾಡಿಸಿಕೊಟ್ಟರು, ಹಿಮ್ಮಡಿಯಿಂದ ಮೊಣಕಾಲಿನ ತನಕ. ಅದನ್ನು ಕಟ್ಟಿಕೊಂಡರೆ ಕೋಲು ಊರಿ ನಡೆಯಬಹುದು. ಲಾಂಡ್ರಿಯ ಕೆಲಸ ಇನ್ನು ಈ ಜನ್ಮಕ್ಕಿಲ್ಲ. ಅವಳು ಅದಕ್ಕಾಗಿ ಅಳಲಿಲ್ಲ. ಪಟ್ಟಿ ಕಟ್ಟಿಕೊಳ್ಳಲು ಬಗ್ಗಲಾಗದೆ ದಿನಾ ಮಗಳನ್ನು ಕರೆಯಬೇಕಾಗುತ್ತಿತ್ತು, ಅದಕ್ಕೆ ಮಾತ್ರ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಮಗಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅತ್ತೆ ಏನೂ ಹೇಳದೆ ಬಂದು ಸೊಸೆಯ ಮುಂದೆ ನೆಲದ ಮೇಲೆ ಕೂತರು. ಕೂರಲು ಮಂಚ ಹಿಡಿದರು, ಗೋಡೆ ಹಿಡಿದರು, ಕೊನೆಗೆ ಧೊಪ್ಪನೆ ಕೂತುಬಿಟ್ಟರು. ಸೊಸೆಯ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಪಟ್ಟಿ ಬಿಗಿಯಲು ಬಗ್ಗಿದಾಗ ಅವರ ಬಾಯಿಂದ ಒಂದು ಸಣ್ಣ ನರಳಿಕೆ ಹೊರಟಿತು. ಬೆನ್ನು ಅರ್ಧಕ್ಕೇ ನಿಂತಿತ್ತು. ಹಣೆಯ ಮೇಲೆ ಬೆವರು ಮೂಡಿತ್ತು. ಹನ್ನೊಂದು ವರ್ಷ ಚಾದರ ಎಳೆದವಳು ಇಪ್ಪತ್ತೆಂಟು ವರ್ಷ ಎಳೆದವರನ್ನು ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆಗೂ ಅದೇ ನೋವಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅತ್ತೇ... ನಿಮ್ಗೆ ಎಷ್ಟು?"

"ಏನೆಷ್ಟು?"

"ನೋವು. ಹತ್ತರೊಳಗೆ."

ಅತ್ತೆಯ ಕೈ ಪಟ್ಟಿಯ ಮೇಲೇ ನಿಂತಿತು. ಬಹಳ ಹೊತ್ತು ಲೆಕ್ಕ ಹಾಕುವವರಂತೆ ಸೊಸೆಯ ಪಾದವನ್ನೇ ನೋಡಿದರು.

"ನಂಗೆ ಹೇಳಕ್ಕೆ ಬರಲ್ಲ ಕಣೇ," ಅಂದರು. "ಯಾರೂ ಕೇಳಿರ್ಲಿಲ್ವಲ್ಲ..."

ಆಮೇಲೆ ತುಟಿ ಕಚ್ಚಿಕೊಂಡರು. ಆದರೂ ತಡೆಯಲಾಗಲಿಲ್ಲ. ಆ ಗಟ್ಟಿಗಿತ್ತಿ ಸೊಸೆಯ ಮೊಣಕಾಲಿಗೆ ಹಣೆ ಹಚ್ಚಿ ಚಿಕ್ಕ ಮಗುವಿನಂತೆ ಅತ್ತರು. ಸೊಸೆ ಅವರ ಬೆನ್ನಿನ ಮೇಲೆ, ಸೊಂಟದಿಂದ ಸ್ವಲ್ಪ ಮೇಲೆ, ಎಲ್ಲಿ ನೋಯುತ್ತದೆ ಎಂದು ತನಗೆ ಚೆನ್ನಾಗಿ ಗೊತ್ತಿದ್ದ ಜಾಗದಲ್ಲಿ ಕೈಯಿಟ್ಟಳು.

ಅಳು ನಿಂತ ಮೇಲೆ ಅತ್ತೆ ಏಳಲು ನೋಡಿದರು. ಆಗಲಿಲ್ಲ. ಎಬ್ಬಿಸಲು ಸೊಸೆ ಕೈ ಕೊಟ್ಟು ಎಳೆದಳು, ಎಡಗಾಲು ಸೋತು ಅವಳೂ ಜಾರಿ ಅತ್ತೆಯ ಪಕ್ಕಕ್ಕೇ ಬಂದು ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲದ ಮೇಲೆ ಹಾಗೇ ಕೂತಿದ್ದರು. ಡ್ಯೂಟಿಗೆ ಹೊರಟಿದ್ದ ಗಂಡ ಬಾಗಿಲ ತನಕ ಹೋಗಿ ಹಿಂದಿರುಗಿ ಬಂದು, ಮೊದಲು ತಾಯಿಯನ್ನು, ಆಮೇಲೆ ಹೆಂಡತಿಯನ್ನು, ಒಬ್ಬೊಬ್ಬರನ್ನಾಗಿ ಎತ್ತಿ ಮಂಚದ ಮೇಲೆ ಕೂರಿಸಿದ. ಆ ದಿನ ಅವನ ಬಸ್ಸು ತಡವಾಗಿ ಹೊರಟಿತು.